ಸತ್ಯಾಂಶ: ಹಳೆಯ ಹಾಲಿವುಡ್‌ನಲ್ಲಿ ಚೀನೀ ನಟರೇ ಇರಲಿಲ್ಲವೇ?

‘ಆಗ ಹಾಲಿವುಡ್‌ನಲ್ಲಿ ಚೀನೀ ಮೂಲದ ಕಲಾವಿದರೇ ಇರಲಿಲ್ಲ, ಬೇರೆ ದಾರಿಯಿಲ್ಲದೆ ಬಿಳಿಯರು ಆ ವೇಷ ಹಾಕಿದರು’ ಎಂದು ಹರಿದಾಡುತ್ತಿರುವ ಸಂದೇಶ ಸುಳ್ಳು.

ಲಾಸ್ ಏಂಜಲೀಸ್‌ನಲ್ಲೇ 1905ರಲ್ಲಿ ಹುಟ್ಟಿದ ಚೀನೀ ಮೂಲದ ನಟಿ ಆನಾ ಮೇ ವಾಂಗ್ 1922ರಲ್ಲೇ ‘ದ ಟೋಲ್ ಆಫ್ ದ ಸೀ’ ಚಿತ್ರದ ನಾಯಕಿ. ಆದರೂ ಚೀನಾದ ರೈತ ದಂಪತಿಯ ಕಥೆಯಾದ ‘ದ ಗುಡ್ ಅರ್ತ್’ (1937) ಚಿತ್ರದಲ್ಲಿ ಗಂಡನಾಗಿ ಪಾಲ್ ಮುನಿ, ಹೆಂಡತಿಯಾಗಿ ಲೂಯಿಸ್ ರೈನರ್ ನಟಿಸಿದರು; ಇಬ್ಬರೂ ಬಿಳಿಯರು.

ಅಡ್ಡ ಬಂದದ್ದರಲ್ಲಿ ಮುಖ್ಯವಾದದ್ದು ಸೆನ್ಸಾರ್ ನಿಯಮ. ಚಿತ್ರೋದ್ಯಮ ತಾನೇ ರೂಪಿಸಿಕೊಂಡಿದ್ದ ಹೇಸ್ ಸಂಹಿತೆಯಲ್ಲಿ ಬರೆದಿದ್ದದ್ದು ಬಿಳಿಯರು ಮತ್ತು ಕಪ್ಪುಜನರ ನಡುವಿನ ಸಂಬಂಧ ತೋರಿಸಬಾರದು ಎಂದಷ್ಟೇ. ರೂಢಿಯಲ್ಲಿ ಅದನ್ನು ಏಷ್ಯಾ ಮೂಲದವರಿಗೂ ಎಳೆದರು. ಗಂಡನ ಪಾತ್ರ ಮುನಿಗೆ ಹೋದಮೇಲೆ ವಾಂಗ್‌ಗೆ ಹೆಂಡತಿಯ ಪಾತ್ರದ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. (ಗಂಡನ ಪಾತ್ರಕ್ಕೇ ಚೀನೀ ಮೂಲದವರನ್ನು ಹಾಕಬಹುದಿತ್ತಲ್ಲ? ಅಷ್ಟು ದುಡ್ಡು ಸುರಿದ ಚಿತ್ರಕ್ಕೆ ಬಿಳಿಯ ತಾರೆಯೇ ಬೇಕೆಂಬುದು ಸ್ಟುಡಿಯೋ ಲೆಕ್ಕ.) ಉಪಪತ್ನಿ ಲೋಟಸ್‌ಳ ಪಾತ್ರವೂ ವಿಯೆನ್ನಾದ ನರ್ತಕಿ ಟಿಲಿ ಲಾಶ್‌ಗೆ ಹೋಯಿತು.

ತಮಾಷೆಯೆಂದರೆ, ಅದೇ ಚಿತ್ರದಲ್ಲಿ ದೊಡ್ಡ ಮಗನಾಗಿ ನಟಿಸಿದ ಕೀ ಲ್ಯೂಕ್ ಚೀನಾದಲ್ಲೇ ಹುಟ್ಟಿದವರು. ಚೀನೀ ವೇಷದ ರೈನರ್‌ಗೆ ಆಸ್ಕರ್ ಬಂತು.