ಹಳೆಯ ಬೋರ್ಡುಗಳಲ್ಲಿ ಬ್ಯಾಟರಿಯೊಂದೇ ಸಮಸ್ಯೆಯಲ್ಲ
ಗಡಿಯಾರ ತಪ್ಪಿದ ಹಳೆಯ ಕಂಪ್ಯೂಟರಿಗೆ ಹೊಸ ಬಟನ್ ಸೆಲ್ ಹಾಕಿದರೆ ಸಾಕು ಎಂದು ನಿಮ್ಮಲ್ಲಿ ಪ್ರಕಟವಾದ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಸಿಆರ್2032 ಎಂಬ ನಾಣ್ಯದಾಕಾರದ ಲಿಥಿಯಂ ಬಟನ್ ಸೆಲ್ ಕೂರುವ ಮದರ್‌ಬೋರ್ಡುಗಳ (ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಹಲಗೆಗಳ) ಮಟ್ಟಿಗೆ ಅದು ನಿಜ. ಆದರೆ 1990ರ ಆಸುಪಾಸಿನ ಅನೇಕ ಬೋರ್ಡುಗಳಲ್ಲಿ ಬೆಸುಗೆ ಹಾಕಿದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತಿದ್ದು, ಅದು ಸೋರಿದರೆ ಒಳಗಿನ ಕ್ಷಾರವು ಬೋರ್ಡಿನಲ್ಲಿ ವಿದ್ಯುತ್ ಹರಿಯುವ ತಾಮ್ರದ ಗೆರೆಗಳನ್ನೇ ತಿಂದುಬಿಡುತ್ತದೆ. ಡೊಂಬಿವಲಿಯ ನಮ್ಮ ಮನೆಯ ಅಟ್ಟದಲ್ಲಿದ್ದ, 386 ಪ್ರೊಸೆಸರಿನ ಹಳೆಯ ಕಂಪ್ಯೂಟರನ್ನು ಕಳೆದ ಮಳೆಗಾಲದ ನಂತರ ಬಿಚ್ಚಿದಾಗ, ಕೀಬೋರ್ಡ್ ಸಾಕೆಟ್ಟಿನ ಪಕ್ಕದಲ್ಲಿ ಹಸಿರು ಪುಡಿ ಗಟ್ಟಿಯಾಗಿ ಕೂತಿತ್ತು. ವಿನೆಗರಿನಲ್ಲಿ ಅದ್ದಿದ ಬ್ರಷ್ಷಿನಿಂದ ಅದನ್ನು ಉಜ್ಜಿ, ತೊಳೆದು ಒಣಗಿಸಿ, ಕಡಿದುಹೋಗಿದ್ದ ಎರಡು ಗೆರೆಗಳಿಗೆ ತಂತಿ ಬೆಸೆದ ಮೇಲೆಯೇ ಯಂತ್ರ ಚಾಲೂ ಆಯಿತು. ಇಂಥ ಬೋರ್ಡು ತನ್ನ ಬ್ಯಾಟರಿಯನ್ನು ತಾನೇ ಚಾರ್ಜ್ ಮಾಡುವುದರಿಂದ, ಆ ಜಾಗದಲ್ಲಿ ಚಾರ್ಜ್ ಮಾಡಬಾರದ ಲಿಥಿಯಂ ಸೆಲ್ ಹಾಕುವವರು ನಡುವೆ ಒಂದು ಡಯೋಡನ್ನು (ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಬಿಡುವ ಭಾಗ) ತಪ್ಪದೆ ಸೇರಿಸಬೇಕು. ಈ ಎಚ್ಚರಿಕೆಯನ್ನು ದಯವಿಟ್ಟು ಲೇಖನದಲ್ಲಿ ಸೇರಿಸಿ.