ಸ್ಪ್ಯಾನಿಷ್ ತರಗತಿಯಲ್ಲಿ ಅಜ್ಜಿಯ ಅವರೆಕಾಳು

ಬೆಂಗಳೂರಿನಲ್ಲಿ ಸಂಜೆಯ ಬ್ಯಾಚುಗಳಿಗೆ ಸ್ಪ್ಯಾನಿಷ್ ಕಲಿಸುತ್ತಾ ಬಂದಿರುವ ನನಗೆ ಒಂದು ಮಾತು ವರ್ಷದಿಂದ ವರ್ಷಕ್ಕೆ ಹೆಚ್ಚು ಖಚಿತವಾಗುತ್ತಿದೆ. ಎ2 ಹಂತ (ಯುರೋಪಿನ ಭಾಷಾಮಟ್ಟದ ಅಳತೆಯಲ್ಲಿ ಆರಂಭಿಕರ ಎರಡನೇ ಮೆಟ್ಟಿಲು) ದಾಟಿದ ವಿದ್ಯಾರ್ಥಿಗಳಿಂದ ಕಥೆಯನ್ನೋ ನೆನಪನ್ನೋ ಬರೆಸುವಾಗ, ಅವರು ಇಂಗ್ಲಿಷಿನ ದಾರಿ ಹಿಡಿದು ಸ್ಪ್ಯಾನಿಷಿಗೆ ಹೋಗದಂತೆ ನೋಡಿಕೊಳ್ಳುವುದೇ ಶಿಕ್ಷಕರ ಮೊದಲ ಕೆಲಸ. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಕೂಡ ಪೆನ್ನು ಹಿಡಿದ ತಕ್ಷಣ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿ, ಅದನ್ನು ಪದಕ್ಕೆ ಪದ ಇಳಿಸುತ್ತಾರೆ. ತಪ್ಪುಗಳು ಹೆಚ್ಚಾಗಿ ಅಲ್ಲೇ ಹುಟ್ಟುತ್ತವೆ, ಬರಹ ಸಪ್ಪೆಯಾಗುವುದೂ ಅಲ್ಲೇ.

ಒಬ್ಬ ವಿದ್ಯಾರ್ಥಿನಿಯ ಬರಹದ ಉದಾಹರಣೆಯನ್ನೇ ಹೇಳುತ್ತೇನೆ. ಬಾಲ್ಯದ ಒಂದು ರಾತ್ರಿಯ ಬಗ್ಗೆ ಬರೆಯಲು ಹೇಳಿದ್ದೆ. ಅವಳು ಅವರೆಕಾಯಿ ಕಾಲದಲ್ಲಿ ಅಜ್ಜಿ ಪ್ರತಿರಾತ್ರಿ ಪಡಸಾಲೆಯಲ್ಲಿ ಕೂತು ನೆನೆಸಿದ ಕಾಳು ಹಿತಕುತ್ತಿದ್ದುದನ್ನು ಆರಿಸಿಕೊಂಡಿದ್ದಳು. ಮೊದಲ ವಾಕ್ಯವೇ 'ಕಾದಾ ನೋಚೆ ಮಿ ಅಬ್ವೆಲಾ ಸೆ ಸೆಂತೋ' ಎಂದಿತ್ತು. ಅಂದರೆ 'ಪ್ರತಿರಾತ್ರಿ ನನ್ನಜ್ಜಿ ಕೂತಳು'. ಕನ್ನಡದಲ್ಲಿ ಯಾರೂ ಹೀಗೆ ಹೇಳುವುದಿಲ್ಲ, 'ಕೂರುತ್ತಿದ್ದಳು' ಎನ್ನುತ್ತೇವೆ. ಸ್ಪ್ಯಾನಿಷಿಗೂ ಬೇಕಾದದ್ದು ಅದೇ, 'ಸೆ ಸೆಂತಾಬಾ'. ಇಂಗ್ಲಿಷಿನ ಸಾಮಾನ್ಯ ಭೂತಕಾಲ ಒಮ್ಮೆ ನಡೆದದ್ದಕ್ಕೂ ದಿನವೂ ನಡೆಯುತ್ತಿದ್ದುದಕ್ಕೂ ಒಂದೇ ರೂಪದಲ್ಲಿ ಸಲ್ಲುವುದರಿಂದ ಅವಳು ಎಡವಿದ್ದಳು. ನಾನು ವ್ಯಾಕರಣದ ಹೆಸರನ್ನೇ ಎತ್ತದೆ, 'ಈ ವಾಕ್ಯವನ್ನು ನಿಮ್ಮ ಅಮ್ಮನಿಗೆ ಹೇಳುವ ಹಾಗೆ ಹೇಳಿ' ಎಂದೆ. ಹೇಳುತ್ತಿದ್ದ ಹಾಗೆ ತಾನಾಗಿಯೇ ತಿದ್ದಿಕೊಂಡಳು.

ಸ್ಪ್ಯಾನಿಷಿನ ಪ್ರೆತೇರಿತೋ ('ಕೂತಳು' ಎಂಬಂಥದ್ದು) ಮತ್ತು ಇಂಪೆರ್‌ಫೆಕ್ತೋ ('ಕೂರುತ್ತಿದ್ದಳು' ಎಂಬಂಥದ್ದು) ಎಂಬ ಎರಡು ಭೂತಕಾಲಗಳನ್ನು ಕೋಷ್ಟಕ ಬರೆದು ಬಾಯಿಪಾಠ ಮಾಡಿಸುವವರು ಬಹಳ. ಆದರೆ ಅವುಗಳ ವ್ಯತ್ಯಾಸ ಕಥೆ ಹೇಳುವವನಿಗೆ ಬೇಕಾದ ವ್ಯತ್ಯಾಸ. ಅಜ್ಜಿ ಕೂರುತ್ತಿದ್ದಳು, ಕಾಳು ಹಿತಕುತ್ತಿದ್ದಳು, ಸಿಪ್ಪೆ ಮೊರದಲ್ಲಿ ಬೀಳುತ್ತಿತ್ತು ಎಂಬುದೆಲ್ಲ ಹಿನ್ನೆಲೆ. 'ಒಂದು ರಾತ್ರಿ ಕರೆಂಟು ಹೋಯಿತು' ಎಂದಾಗ ಕಥೆ ಆರಂಭವಾಗುತ್ತದೆ. ಸ್ಪ್ಯಾನಿಷಿನಲ್ಲಿ 'ಸೆ ಫ್ವೆ ಲಾ ಲುಸ್' ಎನ್ನುತ್ತಾರೆ. ಅಲ್ಲಿ ಬೆಳಕು ಹೋಗುತ್ತದೆ, ನಮ್ಮಲ್ಲಿ ಕರೆಂಟು ಹೋಗುತ್ತದೆ. ಇದನ್ನು ಕೇಳಿದಾಗ ಆ ಹುಡುಗಿಯ ಮುಖದಲ್ಲಿ ಕಂಡ ಖುಷಿ ನನಗೆ ಇನ್ನೂ ನೆನಪಿದೆ.

ಇಂಥ ಹತ್ತಿರದ ದಾರಿಗಳು ಇನ್ನೂ ಇವೆ. 'ಮೆ ಗುಸ್ತಾ' ಎಂಬುದನ್ನು ಇಂಗ್ಲಿಷಿನಿಂದ ಅರ್ಥಮಾಡಿಕೊಳ್ಳಲು ಹೋದವರು ವಾರಗಟ್ಟಲೆ ಒದ್ದಾಡುತ್ತಾರೆ, 'ನನಗೆ ಇಷ್ಟ' ಎಂಬಲ್ಲಿಂದ ಹೊರಟವರಿಗೆ ಅದು ತಕ್ಷಣ ಒಲಿಯುತ್ತದೆ. 'ಸೆ ಮೆ ಒಲ್ಬಿದೋ' ಎಂದರೆ 'ನನಗೆ ಮರೆತುಹೋಯಿತು'. ಮರೆತವರು ನಾವೇ ಆದರೂ ಎರಡು ಭಾಷೆಗಳಲ್ಲೂ ಮರೆವು ನಮಗೆ ಆಗುವ ಸಂಗತಿ. ನೀನು, ನೀವುಗಳ ಭೇದ 'ತೂ', 'ಉಸ್ತೆದ್'ಗಳಲ್ಲಿ ಸಿಗುತ್ತದೆ. ಕಥೆಯಲ್ಲಿ ಸಂಭಾಷಣೆ ಬಂದಾಗ ಇದು ಚಿಕ್ಕ ವಿಷಯವಲ್ಲ. ಸ್ಪೇನಿನಲ್ಲಿ ಇಂದು ಅಜ್ಜಿಯನ್ನು ಸಾಮಾನ್ಯವಾಗಿ 'ತೂ' ಎನ್ನುತ್ತಾರೆ, ಕೊಲಂಬಿಯಾದ ಅನೇಕ ಮನೆಗಳಲ್ಲಿ 'ಉಸ್ತೆದ್' ಎನ್ನುತ್ತಾರೆ. ನಮ್ಮಲ್ಲೂ ಅಜ್ಜಿಗೆ ನೀನು ಎನ್ನುವ ಮನೆಗಳಿವೆ, ನೀವು ಎನ್ನುವ ಮನೆಗಳೂ ಇವೆ. ಯಾವುದು ಬೇಕೆಂದು ಬರೆಯುವವರೇ ನಿರ್ಧರಿಸಲಿ ಎಂದು ಬಿಡುತ್ತೇನೆ.

ಹಾಗೆಂದು ಕನ್ನಡದಲ್ಲಿ ಪೂರ್ತಿ ಬರೆದು ಆಮೇಲೆ ಅನುವಾದಿಸಿ ಎಂದು ನಾನು ಹೇಳುತ್ತಿಲ್ಲ. ಅದನ್ನೂ ಮಾಡಿಸಿ ನೋಡಿದ್ದೇನೆ, ಫಲ ಕೊಡಲಿಲ್ಲ. 'ಅಜ್ಜಿ ಹಿತಕಿಟ್ಟ ಕಾಳು ತುಂಬಿದ್ದ ಪಾತ್ರೆ' ಎಂದು ವಿಶೇಷಣಗಳನ್ನೆಲ್ಲ ನಾಮಪದದ ಮುಂದೆ ಪೋಣಿಸುವುದು ನಮ್ಮ ಕ್ರಮ, ಸ್ಪ್ಯಾನಿಷಿನಲ್ಲಿ ಪಾತ್ರೆ ಮೊದಲು ಬಂದು ಉಳಿದದ್ದೆಲ್ಲ ಅದರ ಹಿಂದೆ ಬರಬೇಕು. ಎರಡನೇ ವರ್ಷದ ವಿದ್ಯಾರ್ಥಿ ಅದನ್ನು ತಿರುಗಿಸುವಷ್ಟರಲ್ಲಿ ಸುಸ್ತಾಗುತ್ತಾನೆ. ಅದಕ್ಕೇ ಪಕ್ಕದವರಿಗೆ ಐದು ನಿಮಿಷ ತಾಯ್ನುಡಿಯಲ್ಲಿ ಕಥೆ ಹೇಳಿಸಿ, ನಂತರ ತಮ್ಮ ಬಳಿ ಇರುವಷ್ಟೇ ಸ್ಪ್ಯಾನಿಷ್ ಪದಗಳಲ್ಲಿ ನೇರವಾಗಿ ಬರೆಸುತ್ತೇನೆ. ಹಿಂದಿ ಮಾತಾಡುವವರು ಹಿಂದಿಯಲ್ಲೇ ಹೇಳಲಿ, ಆ ಭಾಷೆಯಲ್ಲೂ 'ಹೋದ' ಮತ್ತು 'ಹೋಗುತ್ತಿದ್ದ' ಬೇರೆ ಬೇರೆಯೇ.

ತಿದ್ದುವ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಮೊದಲ ವರ್ಷಗಳಲ್ಲಿ ಪ್ರತಿ ಹಾಳೆಯನ್ನೂ ಕೆಂಪು ಶಾಯಿಯಲ್ಲಿ ತುಂಬಿಸಿ ಕೊಡುತ್ತಿದ್ದೆ. ಚೆನ್ನಾಗಿ ಬರೆಯುತ್ತಿದ್ದ ಹುಡುಗನೊಬ್ಬ ಕ್ರಮೇಣ ಮೂರು ಮೂರು ಪದಗಳ ಸುರಕ್ಷಿತ ವಾಕ್ಯಗಳಿಗೆ ಇಳಿದ, ಆ ವಾಕ್ಯಗಳಲ್ಲಿ ತಪ್ಪೂ ಇರಲಿಲ್ಲ, ಅವನೂ ಇರಲಿಲ್ಲ. ಈಗ ಮೊದಲ ಓದಿನಲ್ಲಿ ಅಂಚಿನಲ್ಲಿ ಎರಡು ಪ್ರಶ್ನೆಗಳನ್ನು ಮಾತ್ರ ಬರೆಯುತ್ತೇನೆ: ಆಗ ಏನು ಕೇಳಿಸುತ್ತಿತ್ತು? ಕೈಯಲ್ಲಿ ಏನಿತ್ತು? ಎರಡನೇ ಕರಡಿನಲ್ಲಿ ಭೂತಕಾಲದ ಕ್ರಿಯಾಪದಗಳಿಗಷ್ಟೇ ಅಡಿಗೆರೆ ಹಾಕುತ್ತೇನೆ. ಲಿಂಗ, ವಚನ, ಸ್ವರಗಳ ಮೇಲಿನ ಒತ್ತಿನ ಗುರುತುಗಳ ತಪ್ಪು ಮೂರನೆಯದಕ್ಕೆ ಕಾಯಬಹುದು.

ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಸಂಸ್ಥೆಯಲ್ಲಿ, 'ದೆಲೆ ಎಂಬ ಸ್ಪ್ಯಾನಿಷ್ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಕಥೆಗೆ ಅಂಕವಿಲ್ಲ, ಮಾದರಿ ಪತ್ರಗಳನ್ನು ಕಂಠಪಾಠ ಮಾಡಿಸಿ' ಎಂದು ಹೇಳಿದ್ದರು. ಪರೀಕ್ಷೆಯ ತಯಾರಿ ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತನ್ನ ಅನುಭವವನ್ನು ವಿವರಿಸು ಎಂದು ಕೇಳಿದಾಗ ಕಂಠಪಾಠದ ಪತ್ರ ನೆರವಿಗೆ ಬರುವುದಿಲ್ಲ.

ಮತ್ತೆ ಅವರೆಕಾಳಿನ ಬರಹಕ್ಕೆ ಬರುತ್ತೇನೆ. ಕಾಳಿಗೆ ಯಾವ ಪದ ಎಂದು ಅವಳು ಕೇಳಿದಾಗ, ಹುರುಳಿಕಾಯಿಯ ಬೀಜದಂಥ ಕಾಳಿಗೆ ಮೆಕ್ಸಿಕೋದಲ್ಲಿ 'ಫ್ರಿಹೋಲ್', ಅರ್ಜೆಂಟೀನಾದಲ್ಲಿ 'ಪೊರೋತೋ', ವೆನೆಜುವೆಲಾದಲ್ಲಿ 'ಕಾರಓತಾ' ಎನ್ನುತ್ತಾರೆಂದು ಹೇಳಿ, ಆಯ್ಕೆಯನ್ನು ಅವಳಿಗೇ ಬಿಟ್ಟೆ. ಒಂದು ವಾರ ಯೋಚಿಸಿ 'ಅವರೆ' ಎಂದೇ ಉಳಿಸಿಕೊಂಡಳು. ಸೊಗಡು ಎಂಬುದಕ್ಕೆ ಪದ ಸಿಗದಿದ್ದಾಗ, ಕರೆಂಟು ಹೋದ ಆ ರಾತ್ರಿ ಕತ್ತಲಲ್ಲಿ ಅಜ್ಜಿ ತನ್ನ ಕೆನ್ನೆ ಸವರಿದ್ದನ್ನು ಬರೆದು, ಮುಂದಿನ ವಾಕ್ಯವಾಗಿ 'ಲೋಸ್ ದೇದೋಸ್ ಲೆ ಓಲೀಆನ್ ಆ ಅವರೆ' ಎಂದು ಸೇರಿಸಿದಳು. ಅಜ್ಜಿಯ ಬೆರಳುಗಳು ಅವರೆಯ ವಾಸನೆ ಬೀರುತ್ತಿದ್ದವು ಎಂದು ಅರ್ಥ. ಕ್ರಿಯಾಪದ ಇಂಪೆರ್‌ಫೆಕ್ತೋದಲ್ಲೇ ಇತ್ತು, ಆ ಹಾಳೆಯಲ್ಲಿ ನಾನು ಏನನ್ನೂ ತಿದ್ದಲಿಲ್ಲ.