ಶೆಫ್ ಆಗಲು ಯಾವ ಕಾಲೇಜು ಅಂತ ಕೇಳುವವರಿಗೆ

ಪಿಯುಸಿ ರಿಸಲ್ಟ್ ಬಂದ ಕೂಡಲೇ ನಮ್ಮ ಉಡುಪಿ ಕಡೆ ಈಗ ಒಂದು ಹೊಸ ಪ್ರಶ್ನೆ. "ಮಗನಿಗೆ ಶೆಫ್ ಆಗಬೇಕಂತೆ ಮಾರಾಯ್ರೆ, ಯಾವ ಕಾಲೇಜು ಒಳ್ಳೆಯದು?" ಖುಷಿಯ ವಿಷಯವೇ. ಮೊದಲಾಗಿದ್ದರೆ "ಅಡುಗೆ ಭಟ್ಟ ಆಗ್ತೀಯಾ?" ಅಂತ ಮನೆಯಲ್ಲೇ ಮಂಗಳಾರತಿ ಆಗುತ್ತಿತ್ತು. ಆದರೆ ಕೇಳುವವರ ತಲೆಯಲ್ಲಿರುವುದು ಟಿವಿಯ ಶೆಫ್. ಬಿಳಿ ಕೋಟು, ದೊಡ್ಡ ತಟ್ಟೆ, ನಡುವೆ ಚೂರೇ ಚೂರು ಊಟ.

ಡಿಗ್ರಿ ಮುಗಿಸಿ ಹೋದವನು ದೊಡ್ಡ ಹೋಟೆಲಿನಲ್ಲಿ ಸಾಮಾನ್ಯವಾಗಿ ಸೇರುವುದು ಕೊಮಿ ಅಂತ. ಅಡುಗೆಯವರ ಸಾಲಿನಲ್ಲಿ ಎಲ್ಲರಿಗಿಂತ ಕೆಳಗೆ. ನೀರುಳ್ಳಿ ಸುಲಿಯಬೇಕು, ಸ್ಟಾಕ್ (ಸೂಪು, ಸಾಸಿಗೆ ಬೇಕಾದ ಸಾರು) ಕುದಿಸಬೇಕು, ಕ್ಯಾರೆಟ್ಟನ್ನು 3 ಮಿಲಿಮೀಟರಿನ ಚೌಕ ಚೂರುಗಳಾಗಿ ಹೆಚ್ಚಬೇಕು. ಚೂರುಗಳು ಒಂದೇ ಸಮ ಇಲ್ಲದಿದ್ದರೆ ಮತ್ತೆ ಮೊದಲಿಂದ. ಅಲ್ಲಿಂದ ಒಂದು ವಿಭಾಗ ನೋಡಿಕೊಳ್ಳುವ ಶೆಫ್ ದ ಪಾರ್ಟಿ, ಆಮೇಲೆ ಅಡುಗೆಮನೆಯ ಎರಡನೇ ಯಜಮಾನ ಸೂ ಶೆಫ್, ಕೊನೆಗೆ ಎಲ್ಲರ ಮೇಲಿನ ಎಕ್ಸಿಕ್ಯುಟಿವ್ ಶೆಫ್. ಈ ಪದ್ಧತಿಯನ್ನು ಗಟ್ಟಿ ಮಾಡಿದ ಫ್ರಾನ್ಸಿನ ಹೆಸರಾಂತ ಶೆಫ್ ಎಸ್ಕಾಫಿಯೆ ಕೂಡ 13ನೇ ವಯಸ್ಸಿಗೆ ಸಂಬಂಧಿಕರ ಹೋಟೆಲಿನಲ್ಲಿ ಕೆಲಸಕ್ಕೆ ನಿಂತವನೇ.

ನಮಗೆ ಇದೇನು ಹೊಸದಾ? ನಮ್ಮ ಉಡುಪಿ ಹೋಟೆಲುಗಳಲ್ಲೂ ಇದೇ ಸಾಲು: ಲೋಟ ತೊಳೆಯುವುದು, ಹಿಟ್ಟು ಕಡೆಯುವುದು, ಸಪ್ಲಾಯರ್, ದೋಸೆ ಕಾವಲಿ, ಕೊನೆಗೆ ಗಲ್ಲ, ಅಂದರೆ ದುಡ್ಡಿನ ಕೌಂಟರು. ಮದ್ರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ಕಟ್ಟಿದ ಕಡಂದಲೆಯ ಕೃಷ್ಣ ರಾಯರು ಅಡುಗೆಮನೆಯ ಚಾಕರಿಯಿಂದಲೇ ಮೇಲೆ ಬಂದವರು. ಮುಂಬೈಗೆ ಹೋದ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತರು.

ಕಾಲೇಜು ಬೇಡ ಅಂತ ನಾನು ಹೇಳುತ್ತಿಲ್ಲ. 1986ರಿಂದ ನಮ್ಮ ಮಣಿಪಾಲದಲ್ಲೇ ವೆಲ್ಕಮ್‌ಗ್ರೂಪ್‌ನ ಹೋಟೆಲ್ ಕಾಲೇಜಿದೆ, ಟಿವಿಯಲ್ಲಿ ಕಾಣುವ ಶೆಫ್ ವಿಕಾಸ್ ಖನ್ನಾ ಅಲ್ಲಿ ಕಲಿತವರು ಅಂತ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಅದೇ ಮನುಷ್ಯ ನ್ಯೂಯಾರ್ಕಿಗೆ ಹೋಗಿ ಪಾತ್ರೆ ತೊಳೆದದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ! ಅವರು ಶೆಫ್ ಆಗಿದ್ದ ಜುನೂನ್ ರೆಸ್ಟೋರೆಂಟ್ ಅಲ್ಲಿ ಶುರುವಾದದ್ದು 2010ರಲ್ಲಿ, ಮರುವರ್ಷ ಮಿಶೆಲಿನ್ ಸ್ಟಾರ್ (ಒಳ್ಳೆಯ ರೆಸ್ಟೋರೆಂಟುಗಳಿಗೆ ಸಿಗುವ ದೊಡ್ಡ ಗೌರವ) ಬಂತು. ಇನ್ನು ಶೆಫ್ ಗರಿಮಾ ಅರೋರಾ ಮೊದಲು ಪತ್ರಕರ್ತೆಯಾಗಿದ್ದವರು. ಅದನ್ನು ಬಿಟ್ಟು ಪ್ಯಾರಿಸಿನಲ್ಲಿ ಅಡುಗೆ ಕಲಿತು, ಕೋಪನ್‌ಹೇಗನ್ನಿನ ಹೆಸರಾಂತ ರೆಸ್ಟೋರೆಂಟ್ ನೋಮಾದಲ್ಲಿ ದುಡಿದು, 2017ರಲ್ಲಿ ಬ್ಯಾಂಕಾಕಿನಲ್ಲಿ ತಮ್ಮದೇ ರೆಸ್ಟೋರೆಂಟ್ 'ಗಾ' ತೆರೆದರು. ಮರುವರ್ಷ ಅವರಿಗೂ ಸ್ಟಾರ್. ದಾರಿ ಬೇರೆ ಬೇರೆ, ಆದರೆ ಇನ್ನೊಬ್ಬರ ಒಲೆಯ ಮುಂದೆ ನಿಲ್ಲದೆ ಇವರಲ್ಲಿ ಯಾರೂ ದಾಟಿಲ್ಲ.

ಹಾಗಂತ ಕಲಿಸುವ ನೆಪದಲ್ಲಿ ಬಿಟ್ಟಿ ದುಡಿಸುವುದು ನನಗೆ ಸರಿ ಕಾಣುವುದಿಲ್ಲ. ನೋಮಾದಂಥ ನೋಮಾ ಕೂಡ ಇಂಟರ್ನ್‌ಗಳಿಗೆ ಸಂಬಳ ಕೊಡಲು ಶುರು ಮಾಡಿದ್ದು 2022ರಲ್ಲಿ. ಬಿಟ್ಟಿ ದುಡಿಸುವುದು ಕಲಿಕೆ ಅಲ್ಲ, ಸೀದಾ ಜಿಪುಣತನ.

ನನ್ನ ತಕರಾರು ಇರುವುದು ಗಲ್ಲದ ವಿಷಯದಲ್ಲಿ. ಹಳೇ ಹೋಟೆಲುಗಳಲ್ಲಿ ಕೊನೇ ಪಾಠ ಅದೇ ಆಗಿತ್ತು. ಈಗಿನ ಹುಡುಗರು ಸಾಸ್ ಮಾಡುವುದರಲ್ಲಿ ಪಳಗಿ, ನೇರ ಸ್ವಂತ ರೆಸ್ಟೋರೆಂಟಿಗೆ ಹಾರುತ್ತಾರೆ. ಬಿಲ್ಲಿನ 100 ರೂಪಾಯಿಯಲ್ಲಿ ಸಾಮಾನಿಗೆ ಸುಮಾರು 30 ರೂಪಾಯಿ ದಾಟಬಾರದು ಅನ್ನುವುದು ಈ ಧಂದೆಯ ಲೆಕ್ಕ. ಜೂನ್ ಜುಲೈನಲ್ಲಿ ಟ್ರಾಲಿಂಗ್ (ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ, ಅಂಜಲ್ ಮೀನಿನ ರೇಟು ಕೇಳಿದರೆ ತಲೆ ತಿರುಗುತ್ತದೆ. ಮೆನುವಿನಲ್ಲಿ ಮಾತ್ರ ಮೇ ತಿಂಗಳ ರೇಟೇ ಇರುತ್ತದೆ. ದೊಡ್ಡ ಹೋಟೆಲಿನಲ್ಲಿ ಆ ನಷ್ಟ ಕಂಪನಿಯದ್ದು. ಸ್ವಂತದ್ದಾದರೆ? ಅಡುಗೆ ಬಾರದೆ ಬಾಗಿಲು ಹಾಕಿದವರಿಗಿಂತ ಲೆಕ್ಕ ಬಾರದೆ ಹಾಕಿದವರೇ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ.

ಆದ್ದರಿಂದ ಫೀಸು ಕಟ್ಟುವ ಮುಂಚೆ ಹುಡುಗನನ್ನು ಗುರುತಿನವರ ಹೋಟೆಲಿಗೆ ರಜೆಯಲ್ಲಿ ಕಳಿಸಿ ನೋಡಿ. ಹುಡುಗಿಯಾದರೂ ಅಷ್ಟೇ. ಸುಮ್ನೆ ಅಲ್ಲ, ಸಂಬಳ ಮಾತಾಡಿಯೇ ಕಳಿಸಿ. ಬೆಳಿಗ್ಗೆ ಮಲ್ಪೆ ಬಂದರಿಗೆ ಮೀನು ತರಲು ಯಜಮಾನರ ಜೊತೆ ಹೋಗಲಿ, ರಾತ್ರಿ ಗಲ್ಲದ ಲೆಕ್ಕ ಮುಗಿಯುವವರೆಗೆ ಪಕ್ಕದಲ್ಲೇ ಕೂರಲಿ. ಅಷ್ಟಾದ ಮೇಲೂ ಹೂಂ ಅಂದರೆ ಕಾಲೇಜಿನ ಹೆಸರು ಮಾತಾಡುವ.